ಏಕವ್ಯಕ್ತಿ ಪತ್ರಿಕೆಯ ಏಳುಬೀಳುಗಳು

ಒಬ್ಬನೇ ಬರೆದು, ಒಬ್ಬನೇ ಕರಡು ತಿದ್ದಿ, ಒಬ್ಬನೇ ಅಚ್ಚು ಹಾಕಿಸಿ, ಕೊನೆಗೆ ವಿಳಾಸದ ಚೀಟಿ ಅಂಟಿಸಿ ಅಂಚೆ ಕಚೇರಿಯವರೆಗೂ ಒಬ್ಬನೇ ಹೊತ್ತೊಯ್ಯುವ ಪತ್ರಿಕೆಗೆ ನಮ್ಮಲ್ಲಿ ಒಪ್ಪಿತವಾದ ಹೆಸರಿಲ್ಲ. ರಕ್ಷಾಪುಟದ ಮೂಲೆಯಲ್ಲಿ ‘ಖಾಸಗಿ ಪ್ರಸಾರಕ್ಕೆ ಮಾತ್ರ’ ಎಂಬ ಒಕ್ಕಣೆಯಿರುತ್ತದೆ. ಗ್ರಂಥಾಲಯದವರು ಅದನ್ನು ಪುಸ್ತಕವೆಂದೂ ಒಪ್ಪುವುದಿಲ್ಲ, ನಿಯತಕಾಲಿಕವೆಂದೂ ನಂಬುವುದಿಲ್ಲ. ‘ಇತರೆ’ ಎಂಬ ಕಪಾಟಿಗೆ ಸೇರಿಸುತ್ತಾರೆ. ಅಂಥದೊಂದು ಹದಿನಾರು ಪುಟಗಳ ತ್ರೈಮಾಸಿಕವನ್ನು 2006ರ ಶ್ರುತಪಂಚಮಿಯಿಂದ ಹಿರೇಬೆಂಡಿಗೇರಿಯ ನಮ್ಮ ಮನೆಯ ಪಡಸಾಲೆಯಿಂದ ಹೊರತರುತ್ತ ಬಂದಿದ್ದೇನೆ. ಜೈನ ಶಾಸನಗಳು, ಹಳಗನ್ನಡ ಕಾವ್ಯಗಳ ಪಾಠಾಂತರಗಳು, ಹಸ್ತಪ್ರತಿಗಳ ಕೊನೆಯಲ್ಲಿ ಲಿಪಿಕಾರರು ಬರೆದಿಟ್ಟ ಮಾತುಗಳು ಇವೇ ಅದರ ವಿಷಯ. ಪತ್ರಿಕೆಯ ಹೆಸರನ್ನು ಇಲ್ಲಿ ಬೇಕೆಂದೇ ಹೇಳುತ್ತಿಲ್ಲ. ಈ ಬರೆಹ ಅದರ ಜಾಹೀರಾತಾಗಬಾರದು.

ಇತ್ತೀಚೆಗೆ ಸಂಶೋಧನ ವಿದ್ಯಾರ್ಥಿಗಳಿಬ್ಬರು ತಾವೂ ಇಂಥದೊಂದು ಪತ್ರಿಕೆ ಆರಂಭಿಸಬೇಕೆಂದು ಸಲಹೆ ಕೇಳಿದರು. ಮಾಡಿರಿ ಎಂದಾಗಲಿ ಬೇಡವೆಂದಾಗಲಿ ಹೇಳುವುದು ಸುಲಭವಿರಲಿಲ್ಲ. ಅವರಿಗೆ ಬಾಯಲ್ಲಿ ಹೇಳಿದ್ದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಸೀಮೆಯಲ್ಲಿ ಈ ಹುಚ್ಚಿಗೆ ನೂರು ವರ್ಷ ಮೀರಿದ ಪರಂಪರೆಯಿದೆ. ವರದೆಯು ತುಂಗಭದ್ರೆಯನ್ನು ಕೂಡುವಲ್ಲಿರುವ ಗಳಗನಾಥ ಗ್ರಾಮದಲ್ಲಿ 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರು ಊರ ಹೆಸರಿನಿಂದಲೇ ಗಳಗನಾಥರೆಂದು ಪ್ರಸಿದ್ಧರಾದವರು. ಕನ್ನಡ ಶಾಲೆಯ ಮಾಸ್ತರರಾಗಿದ್ದವರು. ಹಾವೇರಿ ತಾಲ್ಲೂಕಿನ ಅಗಡಿಯ ಆನಂದವನದಿಂದ 1907ರಲ್ಲಿ ‘ಸದ್ಬೋಧ ಚಂದ್ರಿಕೆ’ ಹೊರಟಾಗ ಅದು ಆಶ್ರಮದ ಪತ್ರಿಕೆಯಾಗಿತ್ತಾದರೂ ಅದರ ಬೆನ್ನೆಲುಬು ಗಳಗನಾಥರೇ. ತಿಂಗಳು ತಿಂಗಳು ಕಾದಂಬರಿಯ ಕಂತು ಬರೆಯಬೇಕು, ಸಂಪಾದಿಸಬೇಕು, ಮುಂದಿನ ತಿಂಗಳಿಗೆ ಮತ್ತೆ ಸಿದ್ಧವಾಗಬೇಕು. ಅಲ್ಲಿಂದ ಹೊರಬಂದ ಮೇಲೆ ‘ಸದ್ಗುರು’ ಎಂಬ ಇನ್ನೊಂದು ಮಾಸಪತ್ರಿಕೆಯನ್ನು ತಾವೇ ನಡೆಸಿದರು. ಪುಸ್ತಕದ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರೆಂಬ ಸಂಗತಿಯನ್ನು ನಮ್ಮ ಪಠ್ಯಪುಸ್ತಕಗಳು ಭಕ್ತಿಯಿಂದ ಹೇಳುತ್ತವೆ. ಪರೀಕ್ಷೆಯಲ್ಲಿ ವಿದ್ಯಾರ್ಥಿಗಳೂ ಅಷ್ಟೇ ಭಕ್ತಿಯಿಂದ ಬರೆಯುತ್ತಾರೆ. ಆ ಗಂಟು ಎಷ್ಟು ಭಾರವಿತ್ತು, ಸಂಜೆ ಹಿಂದಿರುಗುವಾಗ ಎಷ್ಟು ಹಗುರಾಗಿತ್ತು ಎಂದು ಯಾರೂ ಕೇಳಿದಂತಿಲ್ಲ.

ಬಿಜಾಪುರದ ಫ. ಗು. ಹಳಕಟ್ಟಿಯವರದು ಇನ್ನೂ ದೊಡ್ಡ ಉದಾಹರಣೆ. ವೃತ್ತಿಯಿಂದ ವಕೀಲರು. ಊರೂರು ಅಲೆದು ಕೂಡಿಸಿದ ತಾಳೆಗರಿ ಕಟ್ಟುಗಳಿಂದ ಅವರು ಸಿದ್ಧಪಡಿಸಿದ ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಬೆಳಕು ಕಂಡದ್ದು ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ. (ಶರಣರ ವಚನಗಳು ಮಹಾವೀರನ ಹೆಸರಿನ ಮುದ್ರಣಾಲಯದಿಂದ ಹೊರಬಂದದ್ದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ. ಧರ್ಮಧರ್ಮಗಳ ಸಂಬಂಧವನ್ನು ಹೋರಾಟದ ಇತಿಹಾಸವೆಂದು ಮಾತ್ರ ಬೋಧಿಸುವವರು ಈ ಅಚ್ಚಿನ ಮೊಳೆಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.) ಪರರ ಮುದ್ರಣಾಲಯವನ್ನು ನೆಚ್ಚಿ ಕೂತರೆ ಕೆಲಸ ಮುಗಿಯದೆಂದು ಮನೆ ಮಾರಿ ‘ಹಿತಚಿಂತಕ’ ಮುದ್ರಣಾಲಯ ತೆರೆದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಅದೇ ವರ್ಷ ಬಳ್ಳಾರಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರೂ ಆದರು. ಸಮ್ಮೇಳನ ಕೆಲವೇ ದಿನಗಳಲ್ಲಿ ಮುಗಿಯಿತು. ಪತ್ರಿಕೆ ಮುಂದೆ ದಶಕಗಳ ಕಾಲ ಅವರ ಬೆನ್ನ ಮೇಲೆಯೇ ಇತ್ತು.

ಇಂಥವರನ್ನು ಕುರಿತು ಮಾತನಾಡುವಾಗ ವೇದಿಕೆಯ ಮೇಲೆ ‘ತ್ಯಾಗ’ ಎಂಬ ಶಬ್ದ ಬಂದೇ ಬರುತ್ತದೆ. ನನಗೆ ಆ ಶಬ್ದದ ಬಗೆಗೆ ಅನುಮಾನವಿದೆ. ತ್ಯಾಗವೆಂದು ಹೊಗಳುವುದು ಚಂದಾ ಕೊಡದಿರುವುದಕ್ಕೆ ಕನ್ನಡಿಗರು ಕಂಡುಕೊಂಡ ಸಭ್ಯವಾದ ದಾರಿ. ಹಳಕಟ್ಟಿಯವರ ಮನೆ ಮಾರಾಟವಾದದ್ದು ಅವರ ಔದಾರ್ಯಕ್ಕೆ ಎಷ್ಟು ಸಾಕ್ಷಿಯೋ ಅವರ ಓದುಗರ ಜಿಪುಣತನಕ್ಕೂ ಅಷ್ಟೇ ಸಾಕ್ಷಿ. ಇದನ್ನು ನಾವು ವಿದ್ಯಾರ್ಥಿಗಳಿಗೆ ಹೇಳುವುದಿಲ್ಲ.

ನನ್ನ ಲೆಕ್ಕ ತೀರ ಸಣ್ಣದು, ಆದರೂ ಹೇಳಬೇಕಾದ್ದು. ಮೊದಲ ಸಂಚಿಕೆಯ 250 ಪ್ರತಿಗಳಿಗೆ ಅಚ್ಚು, ಕಾಗದ, ಹೊಲಿಗೆ ಎಲ್ಲ ಸೇರಿ 4,000 ರೂಪಾಯಿಯೊಳಗೆ ಮುಗಿದಿತ್ತು. ಈಗ ಅಷ್ಟೇ ಪ್ರತಿಗಳಿಗೆ 12,000 ದಾಟುತ್ತದೆ, ಅಂಚೆವೆಚ್ಚ ಬೇರೆ. ವಾರ್ಷಿಕ ಚಂದಾ ಮೊದಲು 40 ರೂಪಾಯಿ, ಈಗ 100. ಕೊಡುವವರು ಮೂರರಲ್ಲೊಂದು ಪಾಲು. ಉಳಿದವರು ದುಷ್ಟರೇನಲ್ಲ, ಸಭೆಯಲ್ಲಿ ಭೇಟಿಯಾದಾಗ ‘ತಮ್ಮ ಪತ್ರಿಕೆ ತಪ್ಪದೆ ಬರುತ್ತಿದೆ’ ಎಂದು ಕೈಮುಗಿಯುತ್ತಾರೆ. ಒಬ್ಬ ಹಿರಿಯರು ಮಾತ್ರ ಚಂದಾದ ನೆನಪೋಲೆಗೆ ಉತ್ತರವಾಗಿ, ಶಾಸ್ತ್ರದಾನಕ್ಕೆ ಬೆಲೆ ಕಟ್ಟುವುದು ಜೈನನಾದವನಿಗೆ ಒಪ್ಪುತ್ತದೆಯೇ ಎಂದು ಕೇಳಿ ಬರೆದರು. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳ ಪಾಠವನ್ನು ನನಗೇ ಒಪ್ಪಿಸಿದ್ದರು. ನಾನು ಅತ್ತಿಮಬ್ಬೆಯನ್ನು ನೆನೆದು ಉತ್ತರ ಬರೆದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದವಳು ಆಕೆ. ಆದರೆ ಸಾವಿರ ಪ್ರತಿಗೆ ಬೇಕಾದ ತಾಳೆಗರಿ ಮುಗಿಲಿಂದ ಉದುರಲಿಲ್ಲ. ಅಷ್ಟು ಲಿಪಿಕಾರರು ಉಪವಾಸವಿದ್ದು ಬರೆಯಲೂ ಇಲ್ಲ. ದಾನ ಪಡೆದವನಿಗೆ ಬೆಲೆಯಿಲ್ಲದ್ದು, ಕೊಟ್ಟವರಿಗೆ ಬೆಲೆಯುಳ್ಳದ್ದು. ನಮ್ಮ ಮನೆಯಲ್ಲಿ ಅತ್ತಿಮಬ್ಬೆ ಇಲ್ಲ, ಸರಕಾರಿ ಸಂಬಳವಿದೆ ಎಂದೂ ಸೇರಿಸಿದೆ. ಅವರು ಮರುಟಪಾಲಿಗೆ 500 ರೂಪಾಯಿ ಮನಿಆರ್ಡರ್ ಮಾಡಿದರು. ಅದರ ಚೀಟಿಯನ್ನು ಇಂದಿಗೂ ಇಟ್ಟುಕೊಂಡಿದ್ದೇನೆ.

ಹಾಗಾದರೆ ಈ ಕೆಲಸದ ಸುಖವೇನು ಎಂದು ಕೇಳಬಹುದು. ಸುಖವಿದೆ, ಅದು ಸಣ್ಣದಲ್ಲ. ನಿಷಿಧಿ ಕಲ್ಲುಗಳನ್ನು ಹೆಸರಿಸಲು ಶಾಸನಗಳು ಒಂದೇ ರೂಪವನ್ನು ಬಳಸುವುದಿಲ್ಲ; ನಿಸಿಧಿ, ನಿಸಿದಿಗೆ, ನಿಷಿಧಿಗೆ, ನಿಷದ್ಯೆ ಎಂದು ಬಗೆಬಗೆಯಾಗಿ ಬರುತ್ತದೆ. ಈ ರೂಪಗಳು ಯಾವ ಕಾಲದಲ್ಲಿ, ಯಾವ ಸೀಮೆಯಲ್ಲಿ, ಎಂಥ ಕಂಡರಣೆಕಾರನ ಕೈಯಲ್ಲಿ ಹೇಗೆ ಬದಲಾಗುತ್ತವೆ ಎಂಬುದನ್ನು ಹದಿನಾರು ಪುಟವೂ ಬರೆದು ಒಂದು ಸಂಚಿಕೆ ತಂದೆ. ಯಾವ ಸಂಪಾದಕರೂ ಇದನ್ನು ಒಪ್ಪುತ್ತಿರಲಿಲ್ಲ. ಒಪ್ಪಿದರೂ ನಾಲ್ಕು ಪುಟಕ್ಕೆ ಇಳಿಸಿ, ಉಪಶೀರ್ಷಿಕೆ ಹಾಕಿ, ಆರಂಭದಲ್ಲಿ ‘ಸಾಮಾನ್ಯ ಓದುಗರಿಗೂ ರುಚಿಸುವಂತೆ’ ಒಂದು ಕತೆ ಸೇರಿಸಿರಿ ಎನ್ನುತ್ತಿದ್ದರು. ಸ್ವಂತ ಪತ್ರಿಕೆಯಲ್ಲಿ ಒಂದು ಪ್ರತ್ಯಯಕ್ಕೆ ಹದಿನಾರು ಪುಟ ಕೊಡಬಹುದು. ಈ ಸ್ವಾತಂತ್ರ್ಯದ ರುಚಿ ಹತ್ತಿದವನು ಬೇರೆ ಪತ್ರಿಕೆಗಳಿಗೆ ಬರೆಯುವುದು ಕ್ರಮೇಣ ಕಡಿಮೆಯಾಗುತ್ತದೆ. ಅದು ಒಳ್ಳೆಯದೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಮುಂದೆ ಬರುತ್ತೇನೆ.

ಅಚ್ಚಿನ ಮನೆಯ ಅನುಭವವನ್ನು ಒಂದಿಷ್ಟು ಹೇಳಬೇಕು. ಹಳಗನ್ನಡ ಬರೆಯುವವನಿಗೆ ಱಕಾರವೂ ೞಕಾರವೂ ಬೇಕು. ಆರಂಭದ ವರ್ಷಗಳಲ್ಲಿ ಹುಬ್ಬಳ್ಳಿಯ ಡಿ.ಟಿ.ಪಿ. ಹುಡುಗ ಪ್ರತಿ ಸಂಚಿಕೆಗೂ ‘ಸರ, ಈ ಅಕ್ಷರ ನಮ್ಮ ಸಿಸ್ಟಮ್ಮಿನ್ಯಾಗ ಇಲ್ರಿ, ಬ್ಯಾರೇದು ಹಾಕ್ಲೇನ್ರಿ?’ ಎಂದು ಕೇಳುತ್ತಿದ್ದ. ‘ಬ್ಯಾರೇದು’ ಎಂದರೆ ಳಕಾರ. ಕೊನೆಗೆ ಅಚ್ಚಾದ ಪ್ರತಿಗಳಲ್ಲಿ ಖಾಲಿ ಬಿಟ್ಟ ಜಾಗಕ್ಕೆ ನಾನೇ ಕೈಯಿಂದ ೞಕಾರ ಬರೆಯುತ್ತಿದ್ದೆ. 250 ಪ್ರತಿಗಳಲ್ಲಿ, ಪ್ರತಿಯೊಂದರಲ್ಲೂ ಇಪ್ಪತ್ತು ಮೂವತ್ತು ಕಡೆ. ಲಿಪಿಕಾರರ ಬೆನ್ನುನೋವು ಏನೆಂದು ತಿಳಿದದ್ದು ಆಗ. ಈಗ ಯೂನಿಕೋಡ್ ಬಂದು ಆ ಕಷ್ಟ ಕಳೆದಿದೆ. ಆದರೂ ಆ ಸಂಕೇತಪಟ್ಟಿಯಲ್ಲಿ ನಮ್ಮ ೞಕಾರಕ್ಕೆ ‘ಫ’ ಎಂಬ ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅವರ ನಿಯಮವಾದ್ದರಿಂದ ಅದು ತಪ್ಪೆಂಬ ಟಿಪ್ಪಣಿಯನ್ನು ಪಕ್ಕದಲ್ಲಿ ಹಚ್ಚಿ ಹಾಗೆಯೇ ಉಳಿಸಿದ್ದಾರೆ. ಕೇಶಿರಾಜನಿಗೆ ಇದನ್ನು ಯಾರು ವಿವರಿಸಬೇಕೋ ತಿಳಿಯದು.

ಇನ್ನು ಇಳಿತದ ಮಾತು. ಅಧ್ಯಾಪಕನ ಬರವಣಿಗೆಯನ್ನು ಅಂಕಗಳಲ್ಲಿ ಅಳೆಯುವ ಪದ್ಧತಿ ವಿಶ್ವವಿದ್ಯಾಲಯ ಅನುದಾನ ಆಯೋಗದ 2010ರ ನಿಯಮಾವಳಿಯೊಂದಿಗೆ ನಮ್ಮ ಕಾಲೇಜುಗಳಿಗೆ ಬಂತು. ನಂತರ ‘ಕೇರ್’ ಪಟ್ಟಿ ಬಂತು. ಆ ಪಟ್ಟಿಯಲ್ಲಿಲ್ಲದ ಪತ್ರಿಕೆಯಲ್ಲಿ ಬರೆದದ್ದು ಲೆಕ್ಕಕ್ಕಿಲ್ಲವೆಂದಾಯಿತು. ನಮ್ಮ ಹುಡುಗರು ಲೇಖನದ ವಿಷಯ ಕೇಳುವ ಮೊದಲೇ ‘ಸರ, ಇದಕ್ಕ ಐಎಸ್‌ಎಸ್‌ಎನ್ ಐತೇನ್ರಿ?’ ಎಂದು ಕೇಳತೊಡಗಿದರು. ಅವರನ್ನು ದೂರುವಂತಿಲ್ಲ, ಅವರ ಹೊಟ್ಟೆಪಾಡು ಅಲ್ಲಿದೆ. 2025ರ ಫೆಬ್ರುವರಿಯಲ್ಲಿ ಆಯೋಗವೇ ಆ ಪಟ್ಟಿಯನ್ನು ಕೈಬಿಟ್ಟಿತು. ಆದರೆ ಪಟ್ಟಿ ಚಾಲ್ತಿಯಲ್ಲಿದ್ದ ಆರೇಳು ವರ್ಷಗಳಲ್ಲಿ ನನ್ನ ಪತ್ರಿಕೆಗೆ ಯುವ ಸಂಶೋಧಕರಿಂದ ಒಂದು ಲೇಖನವೂ ಬರಲಿಲ್ಲ. ಅದಕ್ಕೂ ಮೊದಲು ವರ್ಷಕ್ಕೆ ಒಂದೆರಡಾದರೂ ಬರುತ್ತಿದ್ದವು. ಅಂದಿನಿಂದ ಈ ಪತ್ರಿಕೆ ನಿಜವಾದ ಅರ್ಥದಲ್ಲಿ ಏಕವ್ಯಕ್ತಿ ಪತ್ರಿಕೆಯಾಯಿತು.

ಇದರ ಇನ್ನೊಂದು ಮುಖವೂ ಉಂಟು. ಲೆಕ್ಕಕ್ಕಿಲ್ಲದ ಪತ್ರಿಕೆಯನ್ನು ಉಲ್ಲೇಖಿಸುವ ಅಗತ್ಯವಿಲ್ಲ, ಆದರೆ ಬಳಸಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಮುದ್ರಿತ ಮಹಾಪ್ರಬಂಧವನ್ನು ಓದುತ್ತಿದ್ದಾಗ ಮೂರು ಪುಟಗಳ ಧಾಟಿ ಪರಿಚಿತವೆನಿಸಿತು. ನನ್ನ ಹಳೆಯ ಸಂಚಿಕೆ ತೆಗೆದು ಹೋಲಿಸಿದೆ. ಆ ಸಂಚಿಕೆಯನ್ನು ಪುಟ ಕಟ್ಟುವಾಗ ಮುದ್ರಣಾಲಯದಲ್ಲಿ ಒಂದು ಸಾಲು ನುಂಗಿಹೋಗಿ, ಪದ್ಯವೊಂದರ ವಿವರಣೆ ಅರ್ಧಕ್ಕೇ ನಿಂತಿತ್ತು. ಮಹಾಪ್ರಬಂಧದಲ್ಲಿಯೂ ಅದು ಅಲ್ಲಿಯೇ, ಅದೇ ಶಬ್ದಕ್ಕೆ ನಿಂತಿದೆ! ಗ್ರಂಥಸಂಪಾದನೆಯನ್ನು ಕಲಿಸುವಾಗ ನಾವು ಹೇಳುವ ಮೊದಲ ಪಾಠವೇ ಇದು: ಎರಡು ಪ್ರತಿಗಳು ಒಂದೇ ಮೂಲದಿಂದ ಇಳಿದವು ಎಂಬುದನ್ನು ತೋರಿಸುವುದು ಅವುಗಳ ಶುದ್ಧಪಾಠವಲ್ಲ, ಅವು ಹಂಚಿಕೊಂಡ ಸ್ಖಾಲಿತ್ಯ. ಎಂ.ಎ. ತರಗತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ. ಹೆಸರು ಹೇಳದೆ ಪ್ರತಿವರ್ಷ ಬಳಸುತ್ತೇನೆ. ಸಿಟ್ಟು ಬಂದಿರಲಿಲ್ಲ ಎಂದರೆ ಸುಳ್ಳಾದೀತು. ಆದರೆ ದೂರು ಕೊಡಲು ಹೋಗಲಿಲ್ಲ. ಆ ಮೂರು ಪುಟಗಳನ್ನು ನನ್ನ ಪತ್ರಿಕೆಯ ಮೂಲಕ ಓದಿದವರಿಗಿಂತ ಆ ಪುಸ್ತಕದ ಮೂಲಕ ಓದಿದವರೇ ಹೆಚ್ಚಿರಬೇಕೆಂಬ ಯೋಚನೆ ಬಂದು ಕೈ ತಡೆಯಿತು.

ಪತ್ರಿಕೆ ನಡೆಸುವವನನ್ನು ನಿಜವಾಗಿ ಕುಗ್ಗಿಸುವುದು ಇದಾವುದೂ ಅಲ್ಲ. ಹಿಂದಿರುಗಿ ಬರುವ ಪ್ರತಿಗಳು ಕುಗ್ಗಿಸುತ್ತವೆ. ‘ವಿಳಾಸದಾರರು ಇಲ್ಲ’ ಎಂದಿದ್ದರೆ ಮನೆ ಬದಲಿಸಿರಬಹುದು. ಅಂಚೆಯಣ್ಣ ನೀಲಿ ಮಸಿಯಲ್ಲಿ ‘ಮೃತರು’ ಎಂದು ಬರೆದು ಕಳಿಸಿದರೆ ಏನು ಮಾಡುವುದು? ಮೊದಲ ಪಟ್ಟಿಯಲ್ಲಿದ್ದವರು ಬಹುಮಟ್ಟಿಗೆ ನಿವೃತ್ತ ಅಧ್ಯಾಪಕರು, ಬಸದಿಯ ಪುರೋಹಿತರು, ಹಸ್ತಪ್ರತಿಗಳ ರುಚಿಯಿದ್ದ ಹಳೆಯ ಕಾಲದ ವಕೀಲರು. ಅವರಲ್ಲಿ ಕೆಲವರ ಸಾವಿನ ಸುದ್ದಿ ನನಗೆ ತಿಳಿದದ್ದೇ ನನ್ನ ಪತ್ರಿಕೆ ಹಿಂದಿರುಗಿದ್ದರಿಂದ. ಹಾನಗಲ್ಲಿನ ಒಬ್ಬ ಹಿರಿಯರ ಪ್ರತಿ ಹಾಗೆ ಬಂದಾಗ ಅದರೊಳಗಿನ ಮುಖ್ಯ ಲೇಖನ ಅವರೇ ಪತ್ರ ಬರೆದು ಕೇಳಿದ್ದ ಪ್ರಶ್ನೆಯೊಂದಕ್ಕೆ ಉತ್ತರವಾಗಿತ್ತು.

ಅವರು ಕೇಳಿರದಿದ್ದರೆ ಆ ಲೇಖನವನ್ನು ನಾನು ಬರೆಯುತ್ತಲೂ ಇರಲಿಲ್ಲ. ಓದುಗರ ಪತ್ರಗಳಿಂದಲೇ ಈ ಪತ್ರಿಕೆ ಉಸಿರಾಡಿದೆ. ನಿಷಿಧಿ ಸಂಚಿಕೆ ಹೊರಬಿದ್ದ ಎರಡು ತಿಂಗಳಿಗೆ ಒಬ್ಬ ರೈತರು ಫೋನು ಮಾಡಿ, ತಮ್ಮ ಹೊಲದ ಬಾವಿಯ ಹತ್ತಿರ ಅರಿವೆ ಒಗೆಯುವ ಕಲ್ಲಿನ ಮಗ್ಗುಲಲ್ಲಿ ಪದ್ಮಾಸನದ ಗೊಂಬೆಯೂ ಅಕ್ಷರಗಳೂ ಇವೆಯೆಂದು ತಿಳಿಸಿದರು. ಅವರು ಚಂದಾದಾರರಲ್ಲ, ಮಗನ ಮಾಸ್ತರರ ಮೇಜಿನ ಮೇಲಿದ್ದ ಪ್ರತಿಯನ್ನು ಕಂಡವರು. ಹೋಗಿ ನೋಡಿದೆ. ಅಕ್ಷರಗಳು ಬಹಳ ಸವೆದಿದ್ದವು, ಮೊದಲ ಸಾಲಿನ ಕೆಲವು ಅಕ್ಷರಗಳಷ್ಟೇ ಓದಬರುತ್ತಿದ್ದವು. ಕಲ್ಲಿನ ಆಯುಷ್ಯವೆಲ್ಲ ಸೋಪಿನ ನೀರಿನಲ್ಲಿ ಹೋಗಿತ್ತು. ಆ ಮನೆಯ ಹೆಣ್ಣುಮಕ್ಕಳು ‘ಇದು ದೇವರ ಕಲ್ಲೇನ್ರಿ? ಮೊದಲ ಹೇಳಬೇಕಿಲ್ಲೇನ್ರಿ’ ಎಂದು ನೊಂದುಕೊಂಡರು. ದೇವರ ಕಲ್ಲಲ್ಲ, ಸಲ್ಲೇಖನದಿಂದ ದೇಹ ಬಿಟ್ಟ ಒಬ್ಬರ ನೆನಪಿನ ಕಲ್ಲು ಎಂದು ವಿವರಿಸಿದೆ. ಅವರಿಗೆ ಅದು ಇನ್ನೂ ಹೆಚ್ಚೆನಿಸಿತು. ಈಗ ಕಲ್ಲು ಅವರ ಮನೆಯ ಮುಂದಿನ ಕಟ್ಟೆಯ ಮೇಲೆ ನೆಟ್ಟಗೆ ನಿಂತಿದೆ. ಪತ್ರಿಕೆಯಿಂದ ಲೋಕಕ್ಕೇನು ಉಪಯೋಗ ಎಂದು ಯಾರಾದರೂ ಕೇಳಿದರೆ ತೋರಿಸಲು ನನ್ನ ಬಳಿ ಇರುವುದು ಈ ಒಂದೇ ಕಲ್ಲು.

2020ರ ಮಾರ್ಚಿನಲ್ಲಿ ಎಲ್ಲವೂ ಮುಚ್ಚಿತು. ಮುದ್ರಣಾಲಯ ಮುಚ್ಚಿತು, ತೆರೆದ ಮೇಲೆ ಕಾಗದದ ಬೆಲೆ ಏರಿತು, ನನಗೂ ಬರೆಯುವ ಮನಸ್ಸು ಹಾರಿಹೋಯಿತು. ಐದು ಸಂಚಿಕೆಗಳು ಬರಲಿಲ್ಲ. ಹದಿನೈದು ತಿಂಗಳು ಒಬ್ಬರೂ ಏಕೆಂದು ಕೇಳಲಿಲ್ಲ. ಎಲ್ಲರೂ ತಮ್ಮ ತಮ್ಮ ಸಾವುನೋವಿನಲ್ಲಿದ್ದರು ಎಂಬ ಅರಿವು ನನಗಿತ್ತು, ಆದರೂ ಕೇಳಲಿಲ್ಲವೆಂಬುದು ಚುಚ್ಚುತ್ತಿತ್ತು. ಪಡಸಾಲೆಯಲ್ಲಿದ್ದ ಹಳೆಯ ಸಂಚಿಕೆಗಳ ಕಟ್ಟುಗಳನ್ನು ನೋಡಿ ನಮ್ಮ ಮನೆಯವರು ‘ಹೆಂಗೂ ನಿಂತೈತಲ್ಲ, ಇವನ್ನ ಅಟ್ಟಕ್ಕರ ಹಾಕ್ರಿ, ಹಾಸಿಗಿ ಹಾಸಾಕ ಜಾಗಾ ಆಕ್ಕೈತಿ’ ಎಂದರು. ಅಟ್ಟಕ್ಕೆ ಹಾಕಿದೆ. ಆಮೇಲೊಂದು ದಿನ ಐವತ್ತು ಪೈಸೆಯ ಅಂಚೆಕಾರ್ಡು ಬಂತು, ಹಿರೇಕೆರೂರು ಕಡೆಯ ನಿವೃತ್ತ ಮಾಸ್ತರರೊಬ್ಬರದು. ನಡುಗುವ ಕೈಯ ಎರಡೇ ವಾಕ್ಯ: ‘ನಾನು ಇದ್ದೇನೆ. ಪತ್ರಿಕೆ ಇದೆಯೇ?’ ಮರುತಿಂಗಳು ಸಂಚಿಕೆ ಹೊರಟಿತು. 250 ಓದುಗರಿಗಾಗಿ ಬರೆಯುತ್ತೇವೆಂದು ನಾವು ತಿಳಿದುಕೊಂಡಿರುತ್ತೇವೆ. ನಿಂತ ಬಂಡಿಯನ್ನು ಮತ್ತೆ ಹೂಡುವಂತೆ ಮಾಡುವವರು ಒಬ್ಬಿಬ್ಬರು ಮಾತ್ರ.

ಆ ಬಿಡುವಿನಲ್ಲಿ ಮನಸ್ಸನ್ನು ಕಾಡಿದ್ದು ನಮ್ಮ ತಾಲ್ಲೂಕಿನದೇ ಆದ ಬಂಕಾಪುರ. ಈಗ ಅಲ್ಲಿಗೆ ಹೋಗುವವರು ಕೋಟೆಯೊಳಗಿನ ಅರವತ್ತು ಕಂಬದ ಗುಡಿಯನ್ನೂ ನವಿಲುಗಳನ್ನೂ ನೋಡಿ ಬರುತ್ತಾರೆ. ಕನ್ನಡ ಮೇಷ್ಟರಿಗೆ ಅದು ಉತ್ತರಪುರಾಣದ ಊರು. ಆ ಕತೆ ಗುರುಶಿಷ್ಯರ ಮೂರು ತಲೆಮಾರಿನದು. ಗುರು ವೀರಸೇನರು ಅರ್ಧಕ್ಕೆ ಬಿಟ್ಟುಹೋದ ಜಯಧವಲಾ ಟೀಕೆಯನ್ನು ಶಿಷ್ಯ ಜಿನಸೇನರು ಶಕ 759ರಲ್ಲಿ, ಎಂದರೆ ಕ್ರಿ.ಶ. 837ರಲ್ಲಿ ಮುಗಿಸಿದರು. ಅದೇ ಜಿನಸೇನರು ತಮ್ಮ ಆದಿಪುರಾಣದ 42 ಪರ್ವಗಳನ್ನೂ 43ನೆಯದರ ಮೂರು ಶ್ಲೋಕಗಳನ್ನೂ ಬರೆದು ತೀರಿಕೊಂಡರು. ಅದನ್ನು ಮುಗಿಸಿ ಉತ್ತರಪುರಾಣ ಬರೆದವರು ಅವರ ಶಿಷ್ಯ ಗುಣಭದ್ರರು. ಗುಣಭದ್ರರ ಶಿಷ್ಯ ಲೋಕಸೇನನ ಕಾಲಕ್ಕೆ, ಲೋಕಾದಿತ್ಯನು ಬಂಕಾಪುರದಲ್ಲಿ ಆಳುತ್ತಿದ್ದಾಗ, ಶಕ 820ರಲ್ಲಿ (ಕ್ರಿ.ಶ. 898) ಆ ಗ್ರಂಥಕ್ಕೆ ಪೂಜೆ ನಡೆದ ಸಂಗತಿಯನ್ನು ಅದರ ಪ್ರಶಸ್ತಿಭಾಗ ಹೇಳುತ್ತದೆ. ಮೂರು ಶ್ಲೋಕಕ್ಕೆ ನಿಂತ ಪರ್ವವನ್ನು ನಾಲ್ಕನೆಯ ಶ್ಲೋಕದಿಂದ ಎತ್ತಿಕೊಳ್ಳುವ ಧೈರ್ಯ ಗುಣಭದ್ರರಿಗೆ ಎಲ್ಲಿಂದ ಬಂತು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಗುರುಭಕ್ತಿ ಎಂಬ ಉತ್ತರ ನಿಜವಾದರೂ ಸಾಲದು. ಮಹಾಪುರಾಣಕ್ಕೆ 63 ಶಲಾಕಾಪುರುಷರ ಚೌಕಟ್ಟಿದೆ. ಗುರು ಎಲ್ಲಿ ನಿಲ್ಲಿಸಿದರು, ಇನ್ನೇನು ಉಳಿದಿದೆ ಎಂಬುದು ಶಿಷ್ಯನಿಗೆ ಸ್ಪಷ್ಟ. ಪತ್ರಿಕೆಗೆ ಹಾಗೊಂದು ಚೌಕಟ್ಟಿಲ್ಲ. ಅದರಲ್ಲಿ ಉಳಿದಿರುವುದು ಯಾವಾಗಲೂ ಮುಂದಿನ ಸಂಚಿಕೆ. ಬರೆಯುವವನು ತೀರಿಕೊಂಡ ದಿನ ಅದು ಅಪೂರ್ಣವಾಗುವುದಿಲ್ಲ, ನಿಲ್ಲುತ್ತದೆ. ಮುಗಿಸಿಕೊಡಿ ಎಂದು ಯಾರನ್ನು ಕೇಳುವುದು?

ಏಕವ್ಯಕ್ತಿ ಪತ್ರಿಕೆಯ ಸ್ವಾತಂತ್ರ್ಯವೇ ಅದರ ಬಂಧನವೂ ಆಗುವುದು ಇಲ್ಲಿ. ನೆರೆಯ ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನಲ್ಲಿ ಹುಟ್ಟಿದ ಚಂದ್ರಶೇಖರ ಪಾಟೀಲರು 1964ರಲ್ಲಿ ಧಾರವಾಡದಿಂದ ‘ಸಂಕ್ರಮಣ’ವನ್ನು ಆರಂಭಿಸಿದಾಗ ಜೊತೆಗೆ ಗಿರಡ್ಡಿ ಗೋವಿಂದರಾಜರೂ ಸಿದ್ಧಲಿಂಗ ಪಟ್ಟಣಶೆಟ್ಟಿಯವರೂ ಇದ್ದರು. ಮೂವರ ಪತ್ರಿಕೆ ಕಾಲಾಂತರದಲ್ಲಿ ಒಬ್ಬರದಾಯಿತು. ‘ಸಂಕ್ರಮಣ’ವೆಂದರೆ ಚಂಪಾ ಎನ್ನುವಂತಾಯಿತು. ಅವರ ಮೊನಚು, ವ್ಯಂಗ್ಯ, ಜಗಳಗಂಟತನ ಎಲ್ಲವೂ ಪತ್ರಿಕೆಯ ಮೈಗೆ ಹತ್ತಿದವು. ಅದಕ್ಕಾಗಿಯೇ ಜನ ಓದಿದರು. 2022ರ ಜನವರಿಯಲ್ಲಿ ಅವರು ತೀರಿಕೊಂಡರು. ಅಂಥ ಧ್ವನಿಯನ್ನು ಇನ್ನೊಬ್ಬರು ಹೇಗೆ ಮುಂದುವರಿಸಬೇಕು? ಮುಂದುವರಿಸಿದರೂ ಅದು ಅದೇ ಹೆಸರಿನ ಇನ್ನೊಂದು ಪತ್ರಿಕೆ. ಧಾರವಾಡದಲ್ಲಿ ಬೇರೆಯವರು ಆರಂಭಿಸಿದ ‘ಜೀವನ’ವನ್ನು ಮಾಸ್ತಿಯವರು 1944ರಲ್ಲಿ ಕೈಗೆತ್ತಿಕೊಂಡು 1965ರವರೆಗೆ ನಡೆಸಿದರು, ನಿಜ, ಆದರೆ ಮಾಸ್ತಿಯವರ ಕೈಗೆ ಬಂದ ಮೇಲೆ ಅದು ಮಾಸ್ತಿಯವರ ಪತ್ರಿಕೆಯೇ ಆಯಿತು.

ಬರೆದವರು ಹೋದ ಮೇಲೆ ಬರೆದದ್ದಾದರೂ ಉಳಿಯಬೇಡವೇ? ಹಳಕಟ್ಟಿಯವರ ಬರೆಹ ಸಮಗ್ರ ಸಂಪುಟಗಳಾಗಿ ವಿಜಯಪುರದಿಂದ ಬಂದಿರುವುದು ಭಾಗ್ಯ. ಎಲ್ಲರಿಗೂ ಆ ಭಾಗ್ಯವಿಲ್ಲ. ಹಳೆಯ ಪತ್ರಿಕೆಯೊಂದರ ಪೂರ್ಣ ಸರಣಿಯನ್ನು ಹುಡುಕಿ ಹೋದವರಿಗೆ ಅನುಭವವಿರುತ್ತದೆ: ಒಂದು ಗ್ರಂಥಾಲಯದಲ್ಲಿ ಮೂರನೆಯ ಸಂಪುಟ, ಇನ್ನೊಂದರಲ್ಲಿ ಏಳನೆಯದು, ನಡುವಿನದು ಗೆದ್ದಲಿಗೆ. ಅದೇ ಮೂಡಬಿದಿರೆಯಲ್ಲಿ ಧವಲಾದಿ ಗ್ರಂಥಗಳ ತಾಳೆಗರಿಗಳು ಶತಮಾನಗಟ್ಟಲೆ ಸುರಕ್ಷಿತವಾಗಿದ್ದವು. ಅವು ದರ್ಶನಕ್ಕೆ ಮಾತ್ರ. ಓದಿದವರಿಲ್ಲ, ಪ್ರತಿ ಎತ್ತಲು ಅನುಮತಿಯಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ನಕಲು ಮಾಡುವ ಕೆಲಸ ಆರಂಭವಾಗಿ, ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಿಂದ 1958ರವರೆಗೆ ಧವಲಾ ಟೀಕೆ 16 ಸಂಪುಟಗಳಾಗಿ ಅಚ್ಚಾಯಿತು. ಪೂಜಿಸಿದ್ದರಿಂದ ಉಳಿಯಿತು, ನಕಲು ಮಾಡಿದ್ದರಿಂದ ಬದುಕಿತು. ನಮ್ಮಂಥವರ ಪತ್ರಿಕೆಯನ್ನು ಯಾರೂ ಪೂಜಿಸುವುದಿಲ್ಲ. ಆದ್ದರಿಂದ ನಕಲಿನ ದಾರಿಯೊಂದೇ ಉಳಿದದ್ದು. ಸಲಹೆ ಕೇಳಿದ ಆ ಇಬ್ಬರಿಗೆ ನಾನು ಒತ್ತಿ ಹೇಳಿದ್ದು ಇಷ್ಟನ್ನೇ: ಮೊದಲ ಸಂಚಿಕೆಯಿಂದಲೇ ಐದು ಪ್ರತಿಗಳನ್ನು ಐದು ಊರುಗಳಲ್ಲಿ ಇಡಿರಿ, ಐದನೆಯದನ್ನು ನಿಮ್ಮ ವಿಷಯದಲ್ಲಿ ಆಸಕ್ತಿಯಿಲ್ಲದ ಆದರೆ ಮನೆ ಸೋರದ ಗೆಳೆಯನಿಗೆ ಕೊಡಿರಿ.

ನನ್ನ ಸಂಚಿಕೆಗಳು 70 ದಾಟಿವೆ. ಪ್ರತಿವರ್ಷ ಜ್ಯೇಷ್ಠ ಶುದ್ಧ ಪಂಚಮಿಯಂದು ಮನೆಯಲ್ಲಿರುವ ಹಸ್ತಪ್ರತಿಗಳ ಕಟ್ಟು ಬಿಚ್ಚಿ ಧೂಳು ಒರೆಸುವಾಗ ಅಟ್ಟದ ಮೇಲಿನ ಈ ಕಟ್ಟುಗಳನ್ನೂ ಇಳಿಸುತ್ತೇನೆ. ಶ್ರುತವೆಂದು ಕರೆಯುವ ಯೋಗ್ಯತೆ ಅವಕ್ಕಿಲ್ಲ. ಗೆದ್ದಲಿಗೆ ಆ ಭೇದ ತಿಳಿಯದು. ಕಳೆದ ವರ್ಷ ಹಳೆಯ ವಿದ್ಯಾರ್ಥಿನಿಯೊಬ್ಬರು, ಈಗ ತಾವೂ ಉಪನ್ಯಾಸಕಿ, ಅವೆಲ್ಲಕ್ಕೂ ಒಂದು ಸೂಚಿಯನ್ನು ಸಿದ್ಧಪಡಿಸಿಕೊಡುವುದಾಗಿ ಬಂದರು. ಸಂಚಿಕೆಗಳನ್ನು ಒಯ್ದು ಎಂಟು ತಿಂಗಳು ಇಟ್ಟುಕೊಂಡರು. ಸೂಚಿಯ ಜೊತೆಗೆ ಕೇಳದಿದ್ದ ಇನ್ನೊಂದನ್ನೂ ತಂದರು: ನಿಷಿಧಿ ಸಂಚಿಕೆಗೆ ಉತ್ತರವಾಗಿ ಬರೆದ ಲೇಖನ. ಹಾನಗಲ್ಲ ಸೀಮೆಯ ಶಾಸನಗಳನ್ನು ಆಧಾರವಾಗಿಟ್ಟುಕೊಂಡು, ‘ನಿಸಿದಿಗೆ’ ಎಂಬ ರೂಪಕ್ಕೆ ನಾನು ಕೊಟ್ಟ ವಿವರಣೆಯನ್ನು ಪ್ರಶ್ನಿಸಿದ್ದಾರೆ. ಮರ್ಯಾದೆಗೆ ಕೊರತೆಯಿಲ್ಲ, ವಾದದಲ್ಲಿ ರಿಯಾಯಿತಿಯೂ ಇಲ್ಲ. ‘ಸರ, ನಿಮ್ಮ ಪತ್ರಿಕೆಯೊಳಗ ಇದನ್ನ ಹಾಕ್ತೀರೇನ್ರಿ, ಇಲ್ಲಾ ಬ್ಯಾರೇ ಕಡೆ ಕಳಸಲೇನ್ರಿ?’ ಎಂದು ಕೇಳಿದರು.

ಅವರ ವಾದವನ್ನು ನಾನು ಒಪ್ಪಿಲ್ಲ. ಎರಡು ಶಾಸನಗಳ ಕಾಲನಿರ್ಣಯದಲ್ಲಿ ನಮ್ಮಿಬ್ಬರಿಗೂ ಇನ್ನೂ ಜಗಳವಿದೆ. ಅದು ಮುಂದಿನ ಸಂಚಿಕೆಯಲ್ಲಿಯೂ ನಡೆಯುವಂತೆ ತೋರುತ್ತದೆ. ಬರುವ ಶ್ರುತಪಂಚಮಿಯ ಸಂಚಿಕೆಯಲ್ಲಿ ಹನ್ನೊಂದು ಪುಟ ಅವರದು, ಐದು ಪುಟ ನನ್ನದು. ೞಕಾರಗಳನ್ನೆಲ್ಲ ಅವರೇ ಸರಿಯಾಗಿ ಅಚ್ಚಿಸಿ ಕೊಟ್ಟಿದ್ದಾರೆ. ಕರಡು ಹುಬ್ಬಳ್ಳಿಗೆ ಹೋಗಿದೆ.